ಮಳೆಗಾಲದ ಅನಗಾರರು

ಆಷಾಢ ಬಂತೆಂದರೆ ಚಿಕ್ಕೋಡಿ, ನಿಪ್ಪಾಣಿ, ಕಾಗವಾಡ ಕಡೆಯ ಬಸದಿಗಳಲ್ಲಿ ಚಾತುರ್ಮಾಸದ ಓಡಾಟ ಶುರು. ವರ್ಷವಿಡೀ ಬರಿಗಾಲಲ್ಲಿ ಊರಿಂದೂರಿಗೆ ನಡೆಯುವ ದಿಗಂಬರ ಮುನಿಗಳು ಈ ನಾಲ್ಕು ತಿಂಗಳು ಒಂದೇ ಊರಲ್ಲಿ ನಿಲ್ಲುತ್ತಾರೆ. ಮಳೆಗೆ ಹುಲ್ಲು ಚಿಗುರಿರುತ್ತದೆ, ಹುಳುಹುಪ್ಪಡಿ ಹೊರಬಿದ್ದಿರುತ್ತವೆ, ಅಡಿ ಇಟ್ಟಲ್ಲಿ ಜೀವ ಹೋದೀತೆಂಬ ಅಂಜಿಕೆ. ಮನೆ ಬಿಟ್ಟವರೂ ಮಳೆಗಾಲದಲ್ಲಿ ಒಂದು ಕಡೆ ನೆಲೆ ನಿಲ್ಲಬೇಕೆಂದು ಜೈನ ಆಚಾರ ಕಟ್ಟುಮಾಡಿ ಇಟ್ಟಿದೆ.

ಅದೇ ಹೊತ್ತಿಗೆ ಮನೆ ಇದ್ದವರು ಹೊರಡುತ್ತಾರೆ. ರಾಜಾಪುರ ಬ್ಯಾರೇಜಿನಿಂದ ಎಷ್ಟು ಬಿಟ್ಟರು, ಕೊಯ್ನಾದಲ್ಲಿ ಮಳೆ ಎಷ್ಟಾಯಿತು ಎಂಬುದೇ ಚಹಾದಂಗಡಿಯ ಮಾತು. ಮೊದಲು ಕಲ್ಲೋಳ–ಯಡೂರ, ಕಾರದಗಾ–ಭೋಜ, ಮಲಿಕವಾಡ–ದತ್ತವಾಡದಂಥ ಕೆಳಸೇತುವೆಗಳು ಮುಳುಗುತ್ತವೆ. ಆಮೇಲೆ ಕಬ್ಬು. ಆಮೇಲೆ ಓಣಿ. ‘ಹೊಳಿ ಬಂತು’ ಎಂದರೆ ಇಲ್ಲಿ ಯಾರೂ ‘ಎಲ್ಲಿಗೆ’ ಎಂದು ಕೇಳುವುದಿಲ್ಲ. ಟ್ರ್ಯಾಕ್ಟರಿನ ಟ್ರೇಲರಿಗೆ ಜೋಳದ ಚೀಲ, ಟ್ರಂಕು, ಗ್ಯಾಸಿನ ಸಿಲಿಂಡರು, ಜಗಲಿಯ ಮೇಲಿನ ದೇವರು. ಹಿಂದೆ ಹಗ್ಗ ಹಿಡಿದು ಎಮ್ಮೆ. ಉತಾರ, ಆಧಾರ್, ರೇಷನ್ ಕಾರ್ಡು ಮಾತ್ರ ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಮನೆಯಾಕೆಯ ಮಡಿಲಲ್ಲಿ. ಗುಡ್ಡದ ಮೇಲಿನ ಸರಕಾರಿ ಶಾಲೆ ಅಷ್ಟರಲ್ಲಿ ಕಾಳಜಿ ಕೇಂದ್ರವಾಗಿರುತ್ತದೆ.

ನಡೆಯುವವರು ನಿಂತರು, ನಿಂತವರು ನಡೆದರು. ಕೃಷ್ಣಾ, ದೂಧಗಂಗಾ, ವೇದಗಂಗಾ ದಂಡೆಯಲ್ಲಿ ಮಳೆಗಾಲ ಹೀಗೆ ತಿರುವುಮುರುವಾಗಿ ಬರುತ್ತದೆ.

ಉಮಾಸ್ವಾತಿಯ ತತ್ತ್ವಾರ್ಥಸೂತ್ರ ವ್ರತ ಹಿಡಿದವರನ್ನು ಎರಡೇ ಬಗೆಯಾಗಿ ವಿಂಗಡಿಸುತ್ತದೆ: ಅಗಾರಿ, ಅನಗಾರ. ಅಗಾರ ಎಂದರೆ ಮನೆ. ಮನೆಯುಳ್ಳವನು ಶ್ರಾವಕ, ಮನೆ ಬಿಟ್ಟವನು ಮುನಿ. ಮನುಷ್ಯನ ಧಾರ್ಮಿಕ ಬದುಕನ್ನೆಲ್ಲ ಅಳೆಯಲು ಆ ಗ್ರಂಥ ಆರಿಸಿಕೊಂಡ ಗೆರೆ ಹಣದ್ದಲ್ಲ, ಜಾತಿಯದಲ್ಲ, ಹೊಸ್ತಿಲಿನದು. ಆದರೆ ಮನೆ ಬಿಡದೆಯೂ ಮನೆ ಇಲ್ಲದಾದವನು ಯಾವ ಸಾಲಿಗೆ ಸೇರುತ್ತಾನೆ? ಸೂತ್ರದಲ್ಲಿ ಅವನಿಗೆ ಹೆಸರಿಲ್ಲ. ಸರಕಾರಿ ಕಾಗದದಲ್ಲಿ ಇದೆ: ಸಂತ್ರಸ್ತ.

ಈ ಸೀಮೆಗೆ ಅನಗಾರರ ಪರಂಪರೆ ದೊಡ್ಡದು. ಇಪ್ಪತ್ತನೆಯ ಶತಮಾನದಲ್ಲಿ ದಿಗಂಬರ ಮುನಿಪರಂಪರೆಗೆ ಮರುಜೀವ ಕೊಟ್ಟ ಆಚಾರ್ಯ ಶಾಂತಿಸಾಗರರು (1872–1955) ಭೋಜ ಗ್ರಾಮದ ಪಾಟೀಲರ ಮನೆತನದವರು. ಆಚಾರ್ಯ ವಿದ್ಯಾನಂದರು ಶೇಡಬಾಳದವರು. ಆಚಾರ್ಯ ವಿದ್ಯಾಸಾಗರರು ಸದಲಗಾದವರು. 1946ರ ಶರದ್ ಪೂರ್ಣಿಮೆಯಂದು ಹುಟ್ಟಿ, 1968ರಲ್ಲಿ ಅಜ್ಮೇರದಲ್ಲಿ ದೀಕ್ಷೆ ಪಡೆದು, 2024ರ ಫೆಬ್ರುವರಿಯಲ್ಲಿ ಛತ್ತೀಸಗಡದ ಡೋಂಗರಗಡದಲ್ಲಿ ಸಲ್ಲೇಖನದಿಂದ ದೇಹ ಬಿಟ್ಟರು. ಅವರ ತಂದೆ, ತಾಯಿ, ಒಡಹುಟ್ಟಿದವರು ಕೂಡ ಒಬ್ಬರ ಹಿಂದೊಬ್ಬರು ಮನೆ ತೊರೆದವರೇ. ಅವರು ಬೆಳೆದ ಸದಲಗಾದ ಆ ಮನೆ ಈಗ ಶಾಂತಿನಾಥನ ಬಸದಿ. ಲಿಂಗಾಯತರ ಕಡೆಯಿಂದ ನೋಡಿದರೆ ಅಥಣಿಯ ಮುರುಘೇಂದ್ರ ಶಿವಯೋಗಿಗಳು (1836–1921). ಹುಟ್ಟಿದ್ದು ಹೊಳೆದಂಡೆಯ ನದಿ ಇಂಗಳಗಾವಿಯಲ್ಲಿ, ನೆಲೆಸಿದ್ದು ಅಥಣಿಯ ಗಚ್ಚಿನ ಮಠದಲ್ಲಿ. ಗಚ್ಚು ಎಂದರೆ ಸುಣ್ಣದ ಗಾರೆ. ಹೆಚ್ಚಿನವರು ಮಣ್ಣಿನ ಗೋಡೆ, ಮೇಲ್ಮುದ್ದೆಯ ಮಾಡಿನ ಕೆಳಗೆ ಬಾಳುತ್ತಿದ್ದ ಸೀಮೆಯಲ್ಲಿ ಒಂದು ಕಟ್ಟಡಕ್ಕೆ ಅದರ ಗಾರೆಯೇ ಹೆಸರಾಗಿ ನಿಂತಿತು.

ಬಿಟ್ಟು ಹೋಗುವುದನ್ನು ಇಷ್ಟು ಗೌರವಿಸುವ ನೆಲದಲ್ಲಿ ಮನೆ ಬೇಕೆಂದು ತಹಸೀಲ್ದಾರ ಕಚೇರಿ ಮುಂದೆ ಕೂತು ಘೋಷಣೆ ಕೂಗುವುದು ಸ್ವಲ್ಪ ಸಣ್ಣ ಮಾತಿನಂತೆ ಕಾಣಬಹುದು. ಇರುವುದೆಲ್ಲ ಮೂರು ದಿನದ್ದು, ದೇಹವೇ ಬಾಡಿಗೆ ಮನೆ ಎಂದು ಪ್ರವಚನದಲ್ಲಿ ಕೇಳಿ ತಲೆದೂಗಿದವರೇ ಮರುದಿನ ಪರಿಹಾರದ ಪಟ್ಟಿಯಲ್ಲಿ ತಮ್ಮ ಹೆಸರು ಹುಡುಕುತ್ತಾರೆ. ಇದರಲ್ಲಿ ಕಪಟವೇನೂ ಇಲ್ಲ. ಬಿಡುವುದಕ್ಕೆ ಮೊದಲು ಇರಬೇಕು. ಸದಲಗಾದ ಆ ಮನೆಯವರ ತ್ಯಾಗಕ್ಕೆ ಬೆಲೆ ಬಂದದ್ದು ಅವರಿಗೆ ಬಿಡಲು ಒಂದು ಮನೆ ಇತ್ತೆಂಬುದರಿಂದಲೇ. ಹೊಳೆ ಕಿತ್ತುಕೊಂಡದ್ದನ್ನು ಯಾರೂ ತ್ಯಾಗವೆಂದು ಕರೆಯುವುದಿಲ್ಲ.

2005, 2019, 2021. ಮಾಂಜರಿ, ಯಡೂರ, ಜುಗುಳ, ಉಗಾರ ಖುರ್ದ, ಕುಡಚಿ ಮುಂತಾದ ಊರುಗಳಲ್ಲಿ ಈ ಇಸವಿಗಳನ್ನು ಹೇಳಲು ಕ್ಯಾಲೆಂಡರ್ ಬೇಡ, ಗೋಡೆ ಸಾಕು. ಎದೆಮಟ್ಟ ಒಂದು ಕಂದು ಗೆರೆ, ಅದರ ಕೆಳಗೆ ಇನ್ನೊಂದು. ಸುಣ್ಣ ಬಳಿದರೂ ಚಳಿಗಾಲಕ್ಕೆ ತಿರುಗಿ ಮೂಡುತ್ತದೆ. ಹೊಳೆ ಇಳಿದ ಮೇಲೆ ಬಿಸಿಲು ಬಿತ್ತೆಂದರೆ ಇನ್ನೊಂದು ಗಂಡಾಂತರ: ನೆನೆದ ಮಣ್ಣಿನ ಗೋಡೆ ನೀರಿನಲ್ಲಿ ನಿಂತಿರುತ್ತದೆ, ಒಣಗುವಾಗ ಬಿರುಕು ಬಿಟ್ಟು ಜಂತಿ ಸಮೇತ ಕೂತುಬಿಡುತ್ತದೆ. ಆದ್ದರಿಂದಲೇ ಪ್ರವಾಹ ಹೋದ ಹದಿನೈದು ದಿನದ ನಂತರವೂ ಇಲ್ಲಿ ಮನೆ ಬೀಳುತ್ತವೆ.

ಆಗ ಪಂಚನಾಮೆ. 2019ರ ಲೆಕ್ಕದಲ್ಲಿ ಮುಕ್ಕಾಲು ಪಾಲಿಗಿಂತ ಹೆಚ್ಚು ಹಾಳಾದದ್ದು ‘ಎ’, ಕಾಲಿನಿಂದ ಮುಕ್ಕಾಲರವರೆಗೆ ‘ಬಿ’, ಅದಕ್ಕೂ ಕಡಿಮೆ ‘ಸಿ’. ಕೇಂದ್ರದ ವಿಕೋಪ ನಿಧಿಯ ನಿಯಮದಂತೆ ಆಗ ಬಯಲುಸೀಮೆಯಲ್ಲಿ ಪೂರ್ತಿ ಬಿದ್ದ ಮನೆಗೆ ಸಿಗುತ್ತಿದ್ದದ್ದು 95,100 ರೂಪಾಯಿ. ರಾಜ್ಯ ಸರಕಾರ ಅದನ್ನು 5 ಲಕ್ಷಕ್ಕೆ ಏರಿಸಿತು. ‘ಸಿ’ ಮನೆಗೆ 50 ಸಾವಿರ. ಏರಿಕೆ ದೊಡ್ಡದೇ, ಅದನ್ನು ಒಪ್ಪಬೇಕು. ಆದರೆ ಮೊತ್ತ ಏರಿದಷ್ಟೂ ‘ಎ’ಗೂ ‘ಸಿ’ಗೂ ನಡುವಿನ ಕಂದಕ ಆಳವಾಯಿತು. ಒಂದು ಗೋಡೆ ನಿಂತಿದೆಯೋ ಬಿದ್ದಿದೆಯೋ ಎಂಬುದರ ಮೇಲೆ ನಾಲ್ಕೂವರೆ ಲಕ್ಷ.

ತತ್ತ್ವಶಾಸ್ತ್ರದ ತರಗತಿಗಳಲ್ಲಿ ಕೇಳುವ ಪ್ರಶ್ನೆ ಹೀಗೆ ಓಣಿಗೆ ಇಳಿದುಬಂತು: ಮನೆ ಯಾವಾಗ ಮನೆಯಾಗಿ ಉಳಿಯುವುದಿಲ್ಲ? ಮಾಡು ಹೋಗಿ ಗೋಡೆ ಉಳಿದರೆ? ಪಡಸಾಲೆ ಇದ್ದು ಅಡುಗೆಮನೆ ಬಿದ್ದರೆ? ಮಂಗಳೂರು ಹಂಚಿನ ಮಾಡು ಗಟ್ಟಿಯಾಗಿದ್ದು ಅಡಿಪಾಯವೇ ಕುಸಿದರೆ? ಮೊಬೈಲ್ ಹಿಡಿದು ಬಂದ ಎಂಜಿನಿಯರ್ ನಿಂತಲ್ಲೇ ಸ್ಯಾದ್ವಾದ ಅಭ್ಯಾಸ ಮಾಡಬೇಕಾಗುತ್ತದೆ: ಒಂದು ದೃಷ್ಟಿಯಿಂದ ಮನೆ ಇದೆ, ಒಂದು ದೃಷ್ಟಿಯಿಂದ ಇಲ್ಲ, ಒಂದು ದೃಷ್ಟಿಯಿಂದ ಹೇಳಲು ಬಾರದು. ಜೈನ ತಾರ್ಕಿಕರು ಏಳು ಭಂಗಿ ಎಣಿಸಿದ್ದರು. ಸರಕಾರಿ ನಮೂನೆಯಲ್ಲಿ ಮೂರೇ ಕಾಲಂ.

ಇದಕ್ಕಿಂತ ಗಟ್ಟಿಯಾದ ಕಗ್ಗಂಟು ಉತಾರದ್ದು, ಅಂದರೆ ಆಸ್ತಿಯ ದಾಖಲೆಯದು. ಅಣ್ಣತಮ್ಮಂದಿರು ಮೂವರು, ಒಲೆ ಮೂರು, ಮನೆ ನಂಬರ್ ಒಂದೇ, ಅದೂ ತೀರಿಹೋದ ಅಜ್ಜನ ಹೆಸರಿನಲ್ಲಿ. ಹೊಳೆ ಮೂರು ಸಂಸಾರಗಳನ್ನು ಎಬ್ಬಿಸಿತು, ಕಾಗದ ಒಂದನ್ನು ಮಾತ್ರ ಕಂಡಿತು. ಊರ ವಸತಿ ನೆಲೆಯಾದ ಗಾಂವಠಾಣದ ಹೊರಗೆ, ದನ ಮೇಯುವ ಗಾಯರಾಣದಲ್ಲಿ ತಗಡಿನ ಪತ್ರಾಸ್ ಹೊದಿಸಿಕೊಂಡಿದ್ದವರ ಪಾಡು ಇನ್ನೂ ಒಂದು ಮೆಟ್ಟಿಲು ಕೆಳಗೆ. ಅವರು ಮೊದಲು ಮನೆ ಇತ್ತೆಂದು ತೋರಿಸಬೇಕು, ಆಮೇಲೆ ಬಿತ್ತೆಂದು. ಬಾಡಿಗೆಗೆ ಇದ್ದವರ ಮಾತಂತೂ ಎಲ್ಲಿಯೂ ಏಳುವುದಿಲ್ಲ.

ದೇವರ ವಿಷಯದಲ್ಲಿ ಇಷ್ಟು ತೊಡಕಿಲ್ಲ. ಮಹಾರಾಷ್ಟ್ರದ ಗಡಿ ದಾಟಿದರೆ ಶಿರೋಳ ತಾಲೂಕಿನ ನರಸೋಬವಾಡಿ; ಕೃಷ್ಣೆಗೆ ಪಂಚಗಂಗೆ ಸೇರುವಲ್ಲಿ ದತ್ತನ ಪಾದುಕೆಗಳಿವೆ. ಈ ಕಡೆಯ ಕನ್ನಡಿಗರೂ ಹುಣ್ಣಿಮೆಗೆ ಹೋಗುವ ಜಾಗ. ನೀರು ಏರಿ ಪಾದುಕೆಗಳ ಮೇಲೆ ಹರಿದು ದಕ್ಷಿಣ ಬಾಗಿಲಿಂದ ಹೊರಬಂದಾಗ ಭಕ್ತರು ಅದರಲ್ಲಿ ಮೀಯುತ್ತಾರೆ. ದಕ್ಷಿಣದ್ವಾರ ಸ್ನಾನವೆಂದರೆ ಪುಣ್ಯದ ಮೀಹ. ನೀರು ಇನ್ನೂ ಏರಿದರೆ ಉತ್ಸವಮೂರ್ತಿಯನ್ನು ಎತ್ತರದ ಗುಡಿಗೆ ಒಯ್ದು ಅಲ್ಲಿಯೇ ಪೂಜೆ ನಡೆಸುತ್ತಾರೆ. ಹೊಳೆ ಬರುತ್ತದೆಂದು ಗೊತ್ತು, ಬಂದಾಗ ಎಲ್ಲಿಗೆ ಹೋಗಬೇಕೆಂದು ಗೊತ್ತು, ಆ ಜಾಗ ಮೊದಲೇ ಕಟ್ಟಿಟ್ಟದ್ದು, ಅಲ್ಲಿಗೆ ಹೋದರೆ ಪೂಜೆಗೆ ಲೋಪವಿಲ್ಲ. ಹೊಳೆದಂಡೆಯ ಊರುಗಳು 2005ರಿಂದ ಕೇಳುತ್ತ ಬಂದದ್ದೂ ಇಷ್ಟನ್ನೇ: ಎತ್ತರದಲ್ಲೊಂದು ಜಾಗ, ಹೋದ ಮೇಲೆ ಬದುಕು ನಡೆಯುವಂತೆ.

ಕೇಳುವುದು ದಾನವನ್ನೋ ಹಕ್ಕನ್ನೋ ಎಂಬಲ್ಲಿ ಧರ್ಮದ ಪ್ರಶ್ನೆ ನಿಜವಾಗಿ ಶುರುವಾಗುತ್ತದೆ.

ಜೈನರಲ್ಲಿ ದಾನ ನಾಲ್ಕು ಎಂದು ಮಕ್ಕಳೂ ಹೇಳುತ್ತಾರೆ: ಆಹಾರ, ಔಷಧ, ಶಾಸ್ತ್ರ, ಅಭಯ. ಆದರೆ ಸಮಂತಭದ್ರ ಆಚಾರ್ಯರ ರತ್ನಕರಂಡಕ ಶ್ರಾವಕಾಚಾರದ ಪಟ್ಟಿ ಸ್ವಲ್ಪ ಬೇರೆ. ಅಲ್ಲಿ ಆಹಾರ, ಔಷಧ, ಉಪಕರಣಗಳ ಜೊತೆಗೆ ನಾಲ್ಕನೆಯದು ಆವಾಸ, ಅಂದರೆ ಇರಲು ಜಾಗ. ಬೇರೆಯವರು ‘ಅಭಯ’ ಎಂದು ಬರೆದ ಕಡೆ ಇವರು ‘ಆವಾಸ’ ಎಂದು ಬರೆದರು. ನಾಲ್ಕಕ್ಕೂ ನಾಲ್ವರನ್ನು ಉದಾಹರಣೆ ಕೊಡುತ್ತಾರೆ. ಆವಾಸಕ್ಕೆ ಕೊಟ್ಟ ಉದಾಹರಣೆ ರಾಜನೂ ಅಲ್ಲ, ಸೆಟ್ಟಿಯೂ ಅಲ್ಲ, ಒಂದು ಹಂದಿ.

ಆ ಹಂದಿಯ ಕತೆಯನ್ನು ಟೀಕಾಕಾರರು ಹೇಳುತ್ತಾರೆ. ಮಾಳವದ ಒಂದು ಊರಿನಲ್ಲಿ ದೇವಿಲನೆಂಬ ಕುಂಬಾರ, ಧಮ್ಮಿಲನೆಂಬ ನಾವಿದ ಕೂಡಿ ದಾರಿಹೋಕರಿಗೆಂದು ಒಂದು ವಸತಿ ಕಟ್ಟಿಸಿದರು. ಕುಂಬಾರ ಅಲ್ಲಿ ಒಬ್ಬ ಮುನಿಯನ್ನು ಇಳಿಸಿದ. ನಾವಿದ ಇನ್ನೊಂದು ಪಂಥದ ಪರಿವ್ರಾಜಕನನ್ನು ಕರೆತಂದು, ಇಬ್ಬರೂ ಸೇರಿ ಮುನಿಯನ್ನು ಹೊರಗೆ ಹಾಕಿದರು. ಮುನಿ ಮರದ ಕೆಳಗೆ ಸೊಳ್ಳೆ, ಚಳಿ ಸಹಿಸಿ ರಾತ್ರಿ ಕಳೆದ. ಬೆಳಗ್ಗೆ ಕುಂಬಾರ ಕಂಡ, ಪಾಲುದಾರರಿಗೆ ಜಗಳವಾಯಿತು, ಹೊಡೆದಾಡಿಕೊಂಡು ಇಬ್ಬರೂ ಸತ್ತರು. ಮರುಜನ್ಮದಲ್ಲಿ ಕುಂಬಾರ ವಿಂಧ್ಯದ ಕಾಡಿನಲ್ಲಿ ಹಂದಿಯಾದ, ನಾವಿದ ಹುಲಿಯಾದ. ಹಂದಿ ಇರುವ ಗವಿಗೆ ಒಂದು ದಿನ ಇಬ್ಬರು ಮುನಿಗಳು ಬಂದು ನಿಂತರು. ಅವರನ್ನು ಕಂಡು ಹಂದಿಗೆ ಹಿಂದಿನ ಜನ್ಮ ನೆನಪಾಯಿತು. ಮನುಷ್ಯರ ವಾಸನೆ ಹಿಡಿದು ಹುಲಿ ಬಂತು. ಹಂದಿ ಗವಿಯ ಬಾಯಲ್ಲಿ ಅಡ್ಡ ನಿಂತಿತು. ಎರಡೂ ಕಾದಾಡಿ ಸತ್ತವು. ಹಂದಿ ಸ್ವರ್ಗಕ್ಕೆ, ಹುಲಿ ನರಕಕ್ಕೆ.

ಜಂಟಿ ಆಸ್ತಿ, ಯಾವ ಪಂಥದವನಿಗೆ ಜಾಗ ಕೊಡಬೇಕೆಂಬ ತಕರಾರು, ರಾತ್ರೋರಾತ್ರಿ ಒಕ್ಕಲೆಬ್ಬಿಸುವುದು: ವಸತಿಯ ಜಗಳಗಳೆಲ್ಲ ಈ ಪುಟ್ಟ ಕತೆಯಲ್ಲಿವೆ. (ಬಾಡಿಗೆ ಮನೆ ಹುಡುಕುವಾಗ ‘ನಿಮ್ಮವರು ಯಾರು’ ಎಂದು ಕೇಳಿಸಿಕೊಂಡವರಿಗೆ ನಾವಿದನ ಮನೆಬಾಗಿಲು ಗುರುತು ಸಿಕ್ಕೀತು.) ವಿಚಿತ್ರವೆಂದರೆ ಕುಂಬಾರನಾಗಿದ್ದಾಗ ಅವನು ಕಟ್ಟಿಸಿದ ಮನೆಯ ಪುಣ್ಯ ಸಾಲಲಿಲ್ಲ. ಹಂದಿಯಾಗಿ ಅವನು ಕಟ್ಟಿದ್ದೇನೂ ಇಲ್ಲ, ಗವಿ ಅವನ ಹೆಸರಿನಲ್ಲೂ ಇರಲಿಲ್ಲ. ಬಾಗಿಲಲ್ಲಿ ನಿಂತು ಭಯ ಒಳಗೆ ಬರದಂತೆ ತಡೆದ, ಅಷ್ಟೇ. ಅದನ್ನೇ ಆಚಾರ್ಯರು ಆವಾಸದಾನಕ್ಕೆ ಮೇಲ್ಪಂಕ್ತಿಯಾಗಿ ಹಿಡಿದರು. ಆವಾಸ, ಅಭಯ ಎಂಬ ಎರಡು ಪದ ಒಂದರ ಜಾಗದಲ್ಲಿ ಇನ್ನೊಂದು ಬಂದು ಕೂತದ್ದು ಸುಮ್ಮನೆ ಅಲ್ಲವೆಂದು ತೋರುತ್ತದೆ.

ಈ ಅಳತೆಗೋಲು ಹಿಡಿದು 2019ರ 5 ಲಕ್ಷವನ್ನು ನೋಡಬೇಕು. ಹಣ ರಾಜೀವ್ ಗಾಂಧಿ ವಸತಿ ನಿಗಮದ ಮೂಲಕ ಕಂತುಕಂತಾಗಿ ಬಂತು: ಅಡಿಪಾಯದ ಫೋಟೊ, ಲಿಂಟಲ್ ಫೋಟೊ, ಚಾವಣಿ ಫೋಟೊ, ಎಲ್ಲಕ್ಕೂ ಜಿಪಿಎಸ್ ಗುರುತು. ಫಲಾನುಭವಿ ಮನೆಯ ಮುಂದೆ ನಿಂತು ತೆಗೆಸಿಕೊಂಡ ಆ ಚಿತ್ರದಲ್ಲಿ ಅಕ್ಷಾಂಶ, ರೇಖಾಂಶ ಎಲ್ಲ ಕರಾರುವಾಕ್ಕು. ಹೊಳೆಯ ಗೆರೆ ಎಷ್ಟು ಮೇಲಿದೆ ಎಂಬುದೊಂದು ಬಿಟ್ಟು. ಬಹಳ ಮಂದಿ ಹಳೆಯ ಜಾಗದಲ್ಲೇ ಕಟ್ಟಿದರು. ಕಟ್ಟಲು ಬೇರೆ ಜಾಗ ಇರಲಿಲ್ಲ. 2021ರ ಜುಲೈ ಕೊನೆಗೆ ನೀರು ಮತ್ತೆ ಬಂತು. ಲಿಂಟಲ್ ಮಟ್ಟಕ್ಕೆ ನಿಂತ ಹೊಸ ಗೋಡೆಯ ಮೇಲೆ ಹೊಸ ಗೆರೆ. ಆವಾಸ ಸಿಕ್ಕಿತು, ಅಭಯ ಸಿಗಲಿಲ್ಲ. ಸಮಂತಭದ್ರರ ಲೆಕ್ಕದಲ್ಲಿ ಇದು ಅರ್ಧ ದಾನ ಕೂಡ ಅಲ್ಲ.

ಹಾಗಾದರೆ ಎತ್ತರದಲ್ಲಿ ನಿವೇಶನ ಕೊಟ್ಟರೂ ಜನ ಹೋಗುವುದಿಲ್ಲವಲ್ಲ, ಹೊಳೆ ಇಳಿದ ಕೂಡಲೇ ತಿರುಗಿ ಬರುತ್ತಾರಲ್ಲ ಎಂಬ ಆಕ್ಷೇಪ ಉಂಟು. ಕಚೇರಿಗಳಲ್ಲಿ ಇದಕ್ಕೆ ಸಿದ್ಧ ಉತ್ತರ: ಮೋಹ. ಜೈನ ಪರಿಭಾಷೆಯಲ್ಲಿ ಹೇಳಿದರೆ ಮೂರ್ಛೆ, ಅಂದರೆ ವಸ್ತುವಿಗೆ ಅಂಟಿಕೊಳ್ಳುವುದು. ಪರಿಗ್ರಹವೆಂದರೆ ಅದೇ ಎಂದು ಸೂತ್ರಕಾರರೂ ಹೇಳಿದ್ದಾರೆ. ಆದರೆ ಹೊಳೆದಂಡೆಯ ಸಂಸಾರವನ್ನು ಹತ್ತಿರದಿಂದ ನೋಡಿದರೆ ಅದು ಅಂಟಿಕೊಂಡದ್ದು ಗೋಡೆಗಲ್ಲ, ಗೋದಲಿಗೆ. ಬೆಳಗ್ಗೆ ಐದಕ್ಕೆ ಎಮ್ಮೆ ಕರೆಯಬೇಕು, ಡೈರಿಗೆ ಹಾಲು ಹಾಕಬೇಕು, ಕಬ್ಬಿಗೆ ನೀರು ತಿರುಗಿಸಬೇಕು; ಮೂರು ಫೇಸ್ ಕರೆಂಟು ಸರಿಹೊತ್ತಿಗೆ ಬಂದರೆ ಸರಿಹೊತ್ತಿನಲ್ಲೇ ಹೊಲಕ್ಕೆ ಹೋಗಬೇಕು. ಮೂವತ್ತು ನಲವತ್ತರ ನಿವೇಶನದಲ್ಲಿ ಮನೆ ಕಟ್ಟಿದರೆ ತಿಪ್ಪೆಗೆ ಜಾಗವಿಲ್ಲ, ಬಣವೆಗೆ ಜಾಗವಿಲ್ಲ. 2009ರ ನೆರೆಯ ನಂತರ ಉತ್ತರ ಕರ್ನಾಟಕದಲ್ಲಿ ‘ಆಸರೆ’ ಹೆಸರಿನಲ್ಲಿ ಮಠಗಳು, ಕಂಪನಿಗಳು, ಟ್ರಸ್ಟುಗಳು ಕಟ್ಟಿಕೊಟ್ಟ ಮನೆಗಳಲ್ಲಿ ಎಷ್ಟೋ ಖಾಲಿ ಉಳಿದು ಜಾಲಿ ಬೆಳೆಯಲು ಕಾರಣವೂ ಇದೇ ಬಗೆಯದು. ದಾನಿಗಳ ಹೆಸರು ಫಲಕದಲ್ಲಿ ಕೆತ್ತಿತ್ತು. ದನ ಎಲ್ಲಿ ಕಟ್ಟುತ್ತೀರಿ ಎಂದು ಕೇಳಿದವರು ಕಡಿಮೆ.

ದಾನದ ತೊಂದರೆ ಇದು. ಕೊಟ್ಟವನ ಪುಣ್ಯ ಕೊಟ್ಟ ಕ್ಷಣಕ್ಕೆ ಪೂರ್ತಿಯಾಗುತ್ತದೆ. ಪಡೆದವನ ಕಷ್ಟ ಮರುದಿನ ಬೆಳಗ್ಗೆ ಶುರುವಾಗುತ್ತದೆ. ಪುಕ್ಕಟೆ ಬಂದದ್ದರ ಬಗ್ಗೆ ತಕರಾರು ತೆಗೆದರೆ ಕೃತಘ್ನನೆಂಬ ಹೆಸರು ಬೇರೆ. ಹಕ್ಕಿಗೆ ಈ ಮುಲಾಜಿಲ್ಲ. 1985ರಲ್ಲಿ ಮುಂಬಯಿಯ ಫುಟ್‌ಪಾತ್ ನಿವಾಸಿಗಳ ಓಲ್ಗಾ ಟೆಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯವೂ ಸೇರಿದೆ ಎಂದಿತು. 1995ರ ಚಮೇಲಿ ಸಿಂಗ್ ಪ್ರಕರಣ ಇನ್ನೂ ಹತ್ತಿರದ್ದು. ಉತ್ತರ ಪ್ರದೇಶದಲ್ಲಿ ದಲಿತರಿಗೆ ಮನೆ ಕಟ್ಟಲು ಸರಕಾರ ಹೊಲ ವಶಪಡಿಸಿಕೊಂಡಿತು. ಭೂಮಾಲೀಕರು ಕೋರ್ಟಿಗೆ ಹೋದರು. ಕೋರ್ಟು ಸೂರು ಮೂಲಭೂತ ಹಕ್ಕೆಂದು ಹೇಳಿ, ಹೊಲದವರ ಅಹವಾಲನ್ನು ತಳ್ಳಿಹಾಕಿತು.

ಒಬ್ಬನ ಹೊಲ, ಇನ್ನೊಬ್ಬನ ಮನೆ. ಈ ಜೋಡಿಯನ್ನು ತತ್ತ್ವಾರ್ಥಸೂತ್ರವೂ ಬಲ್ಲದು. ಅಗಾರಿಗೆ ಹೇಳಿದ ಐದನೆಯ ಅಣುವ್ರತ ಪರಿಗ್ರಹದ ಪರಿಮಾಣ: ಇಷ್ಟೇ ಇಟ್ಟುಕೊಳ್ಳುತ್ತೇನೆಂದು ತಾನೇ ಗೆರೆ ಹಾಕಿಕೊಳ್ಳುವುದು. ಆ ಗೆರೆ ದಾಟುವ ದೋಷಗಳನ್ನು ಎಣಿಸುವಾಗ ಮೊದಲು ಬರುವುದು ಬೆಳ್ಳಿಬಂಗಾರವಲ್ಲ, ಕ್ಷೇತ್ರ ಮತ್ತು ವಾಸ್ತು, ಅಂದರೆ ಹೊಲ ಮತ್ತು ಮನೆ. ಅಥಣಿ, ರಾಯಬಾಗ, ಚಿಕ್ಕೋಡಿಯ ನೀರಾವರಿ ಪಟ್ಟಿಯಲ್ಲಿ ಪುನರ್ವಸತಿಗೆ ಜಾಗವೆಂದರೆ ಕೊನೆಗೆ ಯಾರದೋ ಕಬ್ಬಿನ ಹೊಲ. ಎಕರೆಯ ಬೆಲೆ ಕೇಳಿದ ಅಧಿಕಾರಿ ಸುಮ್ಮನೆ ಎದ್ದು ಬರುತ್ತಾನೆ. ಮುಳುಗುವ ಕಡೆ ಮನೆ ಅಗ್ಗ, ಮುಳುಗದ ಕಡೆ ನಿವೇಶನ ಕೈಗೆಟುಕದು. ಸುರಕ್ಷಿತ ಮನೆ, ಕೈಗೆಟುಕುವ ಮನೆ ಎಂದು ಎರಡು ಬೇಡಿಕೆ ಬರೆದ ಮನವಿಪತ್ರ ಇಲ್ಲಿ ತನ್ನೊಳಗೇ ಜಗಳವಾಡುತ್ತದೆ. ಅದನ್ನು ಬಿಡಿಸಬಲ್ಲವರು ಮೇಲಿನ ಹೊಲದ ಅಗಾರಿಗಳು. ದಶಲಕ್ಷಣ ಪರ್ವದಲ್ಲಿ ಹತ್ತು ದಿನ ಉಪವಾಸ ಮಾಡುವವರೂ ಮನೆದೇವರ ಜಾತ್ರೆಗೆ ಲಕ್ಷಗಟ್ಟಲೆ ದಾಸೋಹ ನಡೆಸುವವರೂ ಅವರಲ್ಲಿದ್ದಾರೆ. ಅನ್ನ ಕೊಡಲು ಹಿಂದೆಮುಂದೆ ನೋಡದ ಸೀಮೆ ಇದು. 2019ರಲ್ಲಿ ಕಾಳಜಿ ಕೇಂದ್ರಗಳಿಗೆ ರೊಟ್ಟಿಯ ಗಂಟುಗಳು ಊರೂರಿಂದ ಬಂದವು. ಸರಕಾರಿ ಬೆಲೆಗೆ ಎರಡು ಎಕರೆ ಬಿಟ್ಟುಕೊಡಿ ಎಂದಾಗ ಮಾತ್ರ ಮಾತು ಬೇರೆ ಕಡೆ ತಿರುಗುತ್ತದೆ.

ಇನ್ನೊಂದು ದಾರಿಯ ಗುರುತು ನಿಪ್ಪಾಣಿಯಲ್ಲಿದೆ. ಅಲ್ಲಿ ತಂಬಾಕಿನ ಘಾಟಿನಲ್ಲಿ ದಿನವಿಡೀ ದುಡಿದ ಹೆಣ್ಣುಮಕ್ಕಳು ಸಂಘಟಿತರಾದ ಕತೆಯನ್ನು ಯುಗಾಂತರ್ ತಂಡ 1982ರಲ್ಲಿ ಸಾಕ್ಷ್ಯಚಿತ್ರ ಮಾಡಿತು. ತಂಬಾಕು ಸುತ್ತುವ ಬೀಡಿ ಕಾರ್ಮಿಕರ ಕಲ್ಯಾಣಕ್ಕೆಂದು 1976ರ ಕಾನೂನಿನ ಪ್ರಕಾರ ಬೀಡಿಯ ಮೇಲೆಯೇ ಉಪಕರ ಹಾಕಿ, ಆ ನಿಧಿಯಿಂದ ಆಸ್ಪತ್ರೆ, ವಿದ್ಯಾರ್ಥಿವೇತನ, ಮನೆಗೆ ಸಹಾಯಧನ ಕೊಡುವ ಏರ್ಪಾಡಿತ್ತು. ಇದು ದಾನವಲ್ಲ, ನೆರೆ ಪರಿಹಾರವೂ ಅಲ್ಲ. ಸುತ್ತಿದ ಪ್ರತಿ ಬೀಡಿಯಿಂದ ಒಂದಿಷ್ಟು ಕಾಸು ಸುತ್ತಿದವರ ಮಾಡಿಗೆ ತಿರುಗಿ ಬರಬೇಕೆಂಬ ಸರಳ ಲೆಕ್ಕ. ಮನೆ ಇಲ್ಲಿ ಕೂಲಿಯ ಭಾಗ. 2017ರಲ್ಲಿ ಜಿಎಸ್‌ಟಿ ಬಂದಾಗ ಆ ಉಪಕರ ರದ್ದಾಯಿತು. ಸಕ್ಕರೆಯ ಸೀಮೆಯಲ್ಲಿ ಇಂಥ ಲೆಕ್ಕ ಹುಟ್ಟಲೇ ಇಲ್ಲ. ಪ್ರತಿ ಹಂಗಾಮಿನಲ್ಲಿ ಕಬ್ಬು ಕಡಿಯಲು ಬರುವ ಗ್ಯಾಂಗುಗಳು ಕಾರ್ಖಾನೆಯ ಸುತ್ತ, ರಸ್ತೆಯ ಬದಿಗೆ ಗುಡಿಸಲು ಹಾಕಿಕೊಂಡು ಐದಾರು ತಿಂಗಳು ಕಳೆಯುತ್ತವೆ. ಅವರು ಯಾವ ಪಟ್ಟಿಯಲ್ಲೂ ಇಲ್ಲ. ಹೊಳೆ ಬರುವಾಗ ಇಲ್ಲಿರುವುದಿಲ್ಲವಾದ್ದರಿಂದ ಸಂತ್ರಸ್ತರ ಪಟ್ಟಿಯಲ್ಲಿಯೂ ಇಲ್ಲ.

ಮುನಿಗಳ ಅಚೌರ್ಯ ವ್ರತವನ್ನು ಗಟ್ಟಿಮಾಡಲು ಸೂತ್ರ ಹೇಳುವ ಐದು ಭಾವನೆಗಳನ್ನು ಇಲ್ಲಿ ನೆನೆಯಬೇಕು. ಬರಿದಾದ ಜಾಗದಲ್ಲಿ ಇರುವುದು ಒಂದು. ಬೇರೆಯವರು ಬಿಟ್ಟುಹೋದ ಮನೆಯಲ್ಲಿ ಇರುವುದು ಇನ್ನೊಂದು. ಮೂರನೆಯದು ಪರೋಪರೋಧಾಕರಣ: ತಾನಿರುವ ಕಡೆ ಇನ್ನೊಬ್ಬ ಬಂದು ನಿಂತರೆ ತಡೆಯದಿರುವುದು. ಉಳಿದವರನ್ನು ಜಾಗದಿಂದ ತಡೆಯುವುದನ್ನು ಆ ಗ್ರಂಥ ಲೋಭದ ಕೆಳಗೆ ಇಡಲಿಲ್ಲ, ಕೋಪದ ಕೆಳಗೂ ಇಡಲಿಲ್ಲ. ಕಳವಿನ ಕೆಳಗೆ ಇಟ್ಟಿತು. ಮುನಿಗೆ ಹೇಳಿದ ಮಾತು ಇದು, ಗೃಹಸ್ಥನಿಗೆ ಹಾಗೆಯೇ ಹೊಂದದು ಎಂದು ಪಂಡಿತರು ಹೇಳಬಹುದು. ಹೇಳಲಿ. ಗಾಯರಾಣದ ಪತ್ರಾಸ್ ಶೆಡ್ಡುಗಳನ್ನು ತೆರವು ಮಾಡಲು ಜೆಸಿಬಿ ಬಂದ ದಿನ ಕಳ್ಳ ಯಾರು ಎಂಬ ಪ್ರಶ್ನೆ ಆಗಲೂ ಉಳಿದೇ ಇರುತ್ತದೆ.

ದೀಪಾವಳಿಯ ನಸುಕಿನಲ್ಲಿ ಮಹಾವೀರ ನಿರ್ವಾಣದ ಪೂಜೆ ಮುಗಿಯುತ್ತದೆ. ಆಮೇಲೆ ಬಸದಿಗಳಲ್ಲಿ ಪಿಂಛಿ ಪರಿವರ್ತನೆ. ಮುನಿಗಳ ಸವೆದ ನವಿಲುಗರಿಯ ಪಿಂಛಿಯನ್ನು ವ್ರತ ಹಿಡಿದ ಒಬ್ಬ ಗೃಹಸ್ಥ ಕೈಯೊಡ್ಡಿ ಪಡೆಯುತ್ತಾನೆ, ಮುನಿಗಳು ಹೊಸದನ್ನು ಹಿಡಿದು ಕಮಂಡಲದೊಂದಿಗೆ ಊರ ಗಡಿ ದಾಟುತ್ತಾರೆ. ಸೇತುವೆಯ ಮೇಲಿನ ಕೆಸರು ಅಷ್ಟರಲ್ಲಿ ಒಣಗಿರುತ್ತದೆ. ಎದುರಿನಿಂದ ಗ್ಯಾಂಗಿನ ಟ್ರ್ಯಾಕ್ಟರುಗಳು ಬರುತ್ತವೆ, ಟ್ರೇಲರಿನಲ್ಲಿ ಕೋಳಿ, ಮಕ್ಕಳು, ಸುತ್ತಿಟ್ಟ ತಾಡಪತ್ರಿ. ಹೊಳೆದಂಡೆಯ ಓಣಿಯಲ್ಲಿ ಕಾಳಜಿ ಕೇಂದ್ರದಿಂದ ತಿರುಗಿ ಬಂದವರು ಬಿದ್ದ ಗೋಡೆಯ ಕಲ್ಲುಗಳನ್ನು ಆರಿಸಿ ಒಂದು ಕಡೆ ಒಟ್ಟುತ್ತಾರೆ. ಸರಿಯಿದ್ದ ಜಂತಿಗಳನ್ನು ಬೇರೆ ಇಡುತ್ತಾರೆ. ಫೋಟೊ ತೆಗೆಯಲು ಬರುವವನು ಸೋಮವಾರ ಬರುತ್ತೇನೆಂದಿದ್ದಾನೆ. ಅಲ್ಲಿಯವರೆಗೆ ಅಡಿಪಾಯದ ಮೇಲೆ ಎಮ್ಮೆ ಕಟ್ಟಬೇಡವೆಂದು ಮನೆಯಾಕೆ ಮಗನಿಗೆ ಹೇಳುತ್ತಾಳೆ.